ಮೂತಿ ತಗ್ಗಿಸಿದ ಅಂಬಾಸಿಡರ್

ಈ ಕಥೆ ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಬರೆಯಲು ಕೂತಾಗಲೂ ಇತ್ತು, ಈಗಲೂ ಇದೆ. ಕಾರಿನ ಕೆಲಸ ಬಲ್ಲವರು ಓದಿದರೆ, ಬುಷ್ಷಿಗೂ ಬೋಲ್ಟಿಗೂ ವ್ಯತ್ಯಾಸ ಗೊತ್ತಿಲ್ಲದವರೆಲ್ಲ ಬರೆಯತೊಡಗಿದರು ಅಂದಾರು. ಪತ್ತೇದಾರಿ ಕಥೆಗಳಲ್ಲಿ ಪಳಗಿದವರು, ಇದರಲ್ಲಿ ಹೆಣವೂ ಇಲ್ಲ ಪಿಸ್ತೂಲೂ ಇಲ್ಲ ಅಂದಾರು. ಇಬ್ಬರಲ್ಲೂ ಮೊದಲೇ ಕ್ಷಮೆ ಕೇಳುತ್ತೇನೆ. ಆದರೆ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಮಣ್ಣುಪಾಲಾಗುವುದರಲ್ಲಿತ್ತು. ಅದು ಹೇಗೆ ಉಳಿಯಿತು ಎಂಬುದನ್ನು ಯಾರಾದರೂ ಹೇಳಲೇಬೇಕಲ್ಲ?

ದೀಪಾವಳಿ ಕಳೆದ ಭಾನುವಾರ. ಶಿರಾಳಕೊಪ್ಪದ ಹುಚ್ಚರಾಯಪ್ಪ ಬೆಳಿಗ್ಗೆ ಹಲ್ಲುಜ್ಜುತ್ತ ಮನೆ ಮುಂದಿನ ತಗಡಿನ ಶೆಡ್ಡಿಗೆ ಬಂದ. ಬಂದವನು ಅಲ್ಲೇ ನಿಂತ. ಬಾಯೊಳಗಿನ ನೊರೆ ಗದ್ದದ ಮೇಲೆ ಇಳಿಯಿತು.

ಅವನ ಹಳೆಯ ಅಂಬಾಸಿಡರ್ ಕಾರು ಮೂತಿ ತಗ್ಗಿಸಿ ನಿಂತಿತ್ತು. ಹಿಂಭಾಗ ಮೇಲೆ, ಮುಂಭಾಗ ನೆಲಕ್ಕೆ— ನೀರು ಕುಡಿಯಲು ಬಗ್ಗಿದ ಎಮ್ಮೆಯ ಹಾಗೆ.

ಹಿಂದಿನ ಸಂಜೆಯಷ್ಟೇ ಅದು ನೆಟ್ಟಗಿತ್ತು! ಸ್ವಂತ ಕೈಯಿಂದ ಮುಂಭಾಗವನ್ನೆಲ್ಲ ಬಿಚ್ಚಿ, ಸವೆದ ಬುಷ್ಷು, ಪಿನ್ನು, ಶಾಕುಗಳನ್ನೆಲ್ಲ ತೆಗೆದು ಹೊಸದು ಹಾಕಿದ್ದ. ಪೆಟ್ರೋಲ್ ಬಂಕಿನವರೆಗೆ ಓಡಿಸಿಕೊಂಡು ಹೋಗಿ ಬಂದಿದ್ದ. ಒಂದು ಕಟಕಟ ಸದ್ದೂ ಇರಲಿಲ್ಲ.

"ಶೇಷೀ!" ಎಂದು ಹೆಂಡತಿಯನ್ನು ಕೂಗಿದ. "ಯಾರೋ ನನ್ನ ಕಾರಿನ ಕಾಲು ಮುರಿದಾರೆ!"

ಆ ದಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಎರಡನೇ ಲೋಟ ಮುಗಿಯುವ ಹೊತ್ತಿಗೆ ಹುಚ್ಚರಾಯಪ್ಪನ ಬಾಯಿಂದ ಒಂದು ಹೆಸರು ಹೊರಬಿದ್ದಿತ್ತು. ವೆಲ್ಡಿಂಗ್ ಅಂಗಡಿಯ ಕಲೀಂ. ಅವನ ಬಾಲ್ಯದ ಗೆಳೆಯ, ಆ ಶೆಡ್ಡಿಗೆ ಸಲೀಸಾಗಿ ಬಂದು ಹೋಗುತ್ತಿದ್ದವನು.

ಸೋಮವಾರ ಬೆಳಿಗ್ಗೆ ಉಜ್ಜಪ್ಪನಿಗೆ ಕರೆ ಹೋಯಿತು.

ಉಜ್ಜಪ್ಪ ಪೊಲೀಸನಲ್ಲ. ಆನವಟ್ಟಿ–ಶಿರಾಳಕೊಪ್ಪ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದು ನಿವೃತ್ತನಾದವನು. ಬಸ್ಸಿನಲ್ಲಿ ಯಾರು ಏನು ಬಿಟ್ಟು ಇಳಿದರೂ— ಕೊಡೆ, ಬುತ್ತಿ, ಒಮ್ಮೆ ಕಟ್ಟಿದ ಕೋಳಿ— ಅದು ಯಾರದೆಂದು ಪತ್ತೆ ಮಾಡಿ ಮನೆಗೆ ಮುಟ್ಟಿಸುತ್ತಿದ್ದ. ಅದರಿಂದಾಗಿ ಸುತ್ತಲಿನವರು ಏನು ಕಳೆದುಕೊಂಡರೂ ಅವನನ್ನೇ ಕರೆಯುತ್ತಿದ್ದರು. ಪ್ರತಿ ಸಲವೂ ಅವನು 'ಈ ಸಲ ನನ್ನಿಂದ ಆಗೂದಿಲ್ಲ' ಎಂದುಕೊಂಡೇ ಹೊರಡುತ್ತಿದ್ದ. ಈ ಸಲ ಆ ಭಯ ಹೆಚ್ಚಿತ್ತು. ಕಲೀಮನೂ ಅವನಿಗೆ ಗೆಳೆಯನೇ.

"ನೋಡಪ ಉಜ್ಜಪ್ಪ, ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ದೂರು ಕೊಡಾವನೇ ನಾನು," ಎಂದ ಹುಚ್ಚರಾಯಪ್ಪ. "ಅಷ್ಟರೊಳಗ ನಿನ್ನ ಕೈಲಿ ಏನಾರ ಆದ್ರೆ ಮಾಡು."

"ದೂರು ಅಂದ್ರೆ ಎಂತದು ಮಾರಾಯ? ಕಾರು ಇಲ್ಲೇ ಇದ್ಯಲ್ಲ?"

"ಕಾರು ಐತಿ. ಸರಳು ಇಲ್ಲ!"

ಅವನು ಎರಡು ಉದ್ದನೆಯ ಉಕ್ಕಿನ ಸರಳುಗಳನ್ನು ತೋರಿಸಿದ. ಕಾರನ್ನು ಜಾಕಿನ ಮೇಲೆತ್ತಿ, ಸಾಕ್ಷಿಗೆಂದು ಮತ್ತೆ ಬಿಚ್ಚಿ ಇಟ್ಟಿದ್ದ. ಸೊಂಟಕ್ಕಿಂತ ಎತ್ತರ, ನಡುವೆ ನುಣುಪು. ಎರಡೂ ತುದಿ ತುಸು ದಪ್ಪ, ಸುತ್ತಲೂ ಹಲ್ಲು ಹಲ್ಲು.

"ಇವು ಇಲ್ಲೇ ಇವೆಯಲ್ಲ?"

"ಇವು ನನ್ನವಲ್ಲ! ತಿಳ್ಕೊ. ಈ ಕಾರಿನ ಮುಂದೆ ಸುರುಳಿ ಸ್ಪ್ರಿಂಗು ಇರಂಗಿಲ್ಲ. ಎಡಕ್ಕೊಂದು ಬಲಕ್ಕೊಂದು ಸರಳು. ಗಾಲಿ ಗುಂಡಿಗೆ ಬಿದ್ರೆ ಸರಳು ತಿರುಚ್ಕೊಂತದೆ, ಮತ್ತೆ ಬಿಚ್ಕೊಂತದೆ. ಮುಂಭಾಗದ ಭಾರ ಎಲ್ಲಾ ಇವುಗಳ ಮೇಲೆ. ನಾನು ಎಲ್ಲಾ ಹೊಸಾದು ಹಾಕೀನಿ, ಹಳೇದು ಹಾಕಿದ್ದು ಈ ಎರಡೇ. ಇಷ್ಟು ವರ್ಷ ಕಾರು ಎತ್ತಿ ಹಿಡಿದಿದ್ದ ಸರಳು ಒಂದೇ ರಾತ್ರೀಲಿ ಸೋಲ್ತವೇನು? ಯಾರೋ ನನ್ನವು ಕದ್ದು, ಗುಜರೀವು ತಂದಿಟ್ಟಾರೆ."

ಉಜ್ಜಪ್ಪನಿಗೆ ತಲೆ ತಿರುಗಿತು. ಕದ್ದವನು ಬದಲಿಗೆ ಇಟ್ಟು ಹೋಗುತ್ತಾನೆಯೇ? ಅವನ ಅನುಭವದಲ್ಲಿ ಕೊಡೆ ಕದ್ದವನು ಯಾರೂ ಹರಿದ ಕೊಡೆ ಬಿಟ್ಟು ಹೋಗಿರಲಿಲ್ಲ. ಅಲ್ಲ, ಒಬ್ಬ ಹೋಗಿದ್ದ. ಆದರೆ ಅದು ಮರೆವು.

"ಎಡ-ಬಲ ಅದಲುಬದಲು ಆಗಿರಬಹುದನಾ?" ಎಂದು ಹೆದರುತ್ತಲೇ ಕೇಳಿದ.

ಹುಚ್ಚರಾಯಪ್ಪನ ಮುಖ ಕೆಂಪಾಯಿತು. "ಇಲ್ಲಿ ಕೇಳು. ಎಡಗಡೆ ಬಿಚ್ಚಿದ್ದು ಎಡಗಡೆ ಗೋಡೆಗೆ, ಬಲಗಡೆ ಬಿಚ್ಚಿದ್ದು ಬಲಗಡೆ ಗೋಡೆಗೆ. ಒಂದು ವಾಶರ್ ಕೂಡ ಈ ಕಡೆಯಿಂದ ಆ ಕಡೆ ಹೋಗಿಲ್ಲ. ನನ್ನ ಕೆಲಸದ ರೀತಿನೇ ಅದು. ಇಡೀ ಜೀವಮಾನ ಫೋಟೋ ಸ್ಟುಡಿಯೋ ನಡೆಸಿದಾವ ನಾನು. ಮದುಮಗನ ಬಲಗೈ ಎಡಗೈ ಮಾಡಿ ಒಂದು ಫೋಟೋ ತೊಳೆದಿಲ್ಲ!"

"ಇಲ್ಲ ಇಲ್ಲ, ಸುಮ್ನೆ ಕೇಳಿದೆ."

"ಮತ್ತೆ ಇದನ್ನ ನೋಡು." ಅವನು ಒಂದು ಸರಳಿನ ತುದಿಯನ್ನು ಮುಂದೆ ಹಿಡಿದ. ಗ್ರೀಸ್ ಒರೆಸಿದ ಜಾಗದಲ್ಲಿ, ಹಲ್ಲುಗಳ ಸಂದಿಯಲ್ಲಿ ಕೇಸರಿ ಬಣ್ಣದ ತುಕ್ಕು. "ನನ್ನ ಸರಳಿಗೆ ತುಕ್ಕು ಇರಲಿಲ್ಲ. ಇದಕ್ಕೆ ಐತಿ. ಇನ್ನೇನು ಸಾಕ್ಷಿ ಬೇಕು?"

ಉಜ್ಜಪ್ಪ ಬಗ್ಗಿ ನೋಡಿದ. ತುಕ್ಕು ಒಂದೇ ತುದಿಗೆ. ಅದೂ ಒಂದು ಬೆರಳಿನ ಅಗಲದವರೆಗೆ, ದಾರ ಹಿಡಿದು ಗೆರೆ ಎಳೆದ ಹಾಗೆ. ಆ ಗೆರೆಯಿಂದ ಮೇಲಕ್ಕೆ ಹಳೆಯ ಜಿಡ್ಡು ಹಾಗೇ ಇತ್ತು. ಇನ್ನೊಂದು ಸರಳಿಗೆ ತುಕ್ಕೇ ಇಲ್ಲ. ನೋಡಿದ, ಏನೂ ಅರ್ಥವಾಗಲಿಲ್ಲ. ಅರ್ಥವಾದವನ ಹಾಗೆ ತಲೆಯಾಡಿಸಿದ.

ಶೆಡ್ಡಿನ ಮೂಲೆಯಲ್ಲಿ ಸಾಮಾನಿನ ರಾಶಿ. ಸುತ್ತಿಗೆ, ಸ್ಪಾನರ್, ಹಳೆಯ ಬುಷ್ಷುಗಳು, ಉದ್ದಕ್ಕೆ ಸೀಳಿದ ಒಂದು ಒನಕೆ.

"ಇದೆಂತ?"

"ಪಿನ್ನು ಹೊರಗೆ ಬಡಿಯಾಕೆ. ಕಬ್ಬಿಣದಲ್ಲಿ ಬಡಿದ್ರೆ ಪಿನ್ನಿನ ತಲೆ ಜಜ್ಜಿ ಹೋಗ್ತದೆ. ಕಟ್ಟಿಗೆ ಇಟ್ಟು ಬಡೀಬೇಕು. ಒನಕೆ ಮನೇಲಿ ಸುಮ್ನೆ ಬಿದ್ದಿತ್ತು. ಮಿಕ್ಸಿ ಬಂದ ಮೇಲೆ ಅದಕ್ಕೇನು ಕೆಲಸ?"

ಅಷ್ಟರಲ್ಲಿ ಮಗ ಸುರೇಶ ಅಂಗಡಿಗೆ ಹೊರಟವನು ಗೇಟಿನ ಹತ್ತಿರ ಸಿಕ್ಕಿದ. ಅವನಿಗೆ ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಈ ಕಾರು ಹೋದರೆ ಶೆಡ್ಡಿನಲ್ಲಿ ಪೈಪು ತುಂಬಬಹುದೆಂಬ ಆಸೆ ಅವನಿಗಿದೆ ಎಂಬುದು ಓಣಿಗೆಲ್ಲ ಗೊತ್ತು. ಉಜ್ಜಪ್ಪ ಅದನ್ನೇ ಕೇಳಿದ. ಸುರೇಶ ಮುಚ್ಚಿಡಲಿಲ್ಲ.

"ಮಾರಾಣ ಅಂತ ಹೇಳಿದ್ದು ನಿಜ ದೊಡ್ಡಪ್ಪ. ಆದರೆ ಕೆಟ್ಟು ಕೂತ ಕಾರು ಯಾರು ಕೊಂತಾರೆ? ಅದು ಚೆನ್ನಾಗಿ ಓಡಿದ್ರೇ ನನಗೆ ಲಾಭ."

ಅದೂ ಸರಿ. ಉಜ್ಜಪ್ಪನ ಕೈಲಿದ್ದ ಒಬ್ಬ ಶಂಕಿತ ಜಾರಿಹೋದ.

"ಆದರೆ ಒಂದು ಮಾತು," ಸುರೇಶ ಧ್ವನಿ ತಗ್ಗಿಸಿದ. "ಗ್ರಹಣದ ಸಂಜೆ ಓಣೀಲಿ ಒಂದು ನರಪಿಳ್ಳೆ ಇರಲಿಲ್ಲ. ನಾನು ಅಂಗಡಿ ಬಾಗಿಲು ಹಾಕಿ ಬರ್ತಿದ್ದೆ. ನಮ್ಮ ಗೇಟಿಂದ ಕಲೀಂ ಕಾಕಾ ಹೊರಗೆ ಬಂದ್ರು. ನನ್ನ ನೋಡಲಿಲ್ಲ, ಸರಸರ ಹೋಗಿಬಿಟ್ರು. ಅವರ ಅಕ್ಕನ ಮಗ ಉಮೇರ್ ಆನವಟ್ಟೀಲಿ ಹಳೇ ಕಾರು ಓಡಿಸ್ತಾನೆ. ಮೊನ್ನೆಯಿಂದ ಅದರ ಮುಂಭಾಗ ಹೊಸದರಂಗೆ ಎದ್ದು ನಿಂತೈತಂತೆ."

ದೀಪಾವಳಿಯ ಅಮಾವಾಸ್ಯೆಯಂದು ಸಂಜೆ ಸೂರ್ಯಗ್ರಹಣ ಹಿಡಿದಿತ್ತು. ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು. ಹುಚ್ಚರಾಯಪ್ಪ ಮಾತ್ರ, ಗ್ರಹಣ ಅಂದರೆ ನೆರಳಿನ ಆಟ ಅಷ್ಟೆ ಎನ್ನುತ್ತ, ಕಲೀಮನ ವೆಲ್ಡಿಂಗ್ ಗಾಜು ಹಿಡಿದು ಶಾಲೆಯ ಬಯಲಿಗೆ ಹೋಗಿ ಬಂದವರಿಗೆಲ್ಲ ಸೂರ್ಯನನ್ನು ತೋರಿಸಿದ್ದ. ಅಂದರೆ ಶೆಡ್ಡಿಗೆ ಕಾವಲಿರಲಿಲ್ಲ. ಸರಳುಗಳು ಇನ್ನೂ ಕಾರಿಗೆ ಸೇರಿರಲಿಲ್ಲ; ಸೇರಿದ್ದು ಅದರ ಮರುದಿನ, ಕಾರು ಜಾಕಿನಿಂದ ಇಳಿದದ್ದು ಶನಿವಾರ.

ಉಜ್ಜಪ್ಪ ಕಲೀಮನ ಅಂಗಡಿಯ ದಾರಿ ಹಿಡಿದ. ಕಲೀಂ ಹೌದೇ? ಅಲ್ಲವೇ? ಹೌದಾಗಿದ್ದರೆ ತಾನು ಆ ಸುದ್ದಿ ಹೇಳುವ ಬಾಯಾಗಬೇಕೇ?

ಕಲೀಮನ ಅಂಗಡಿ ಅವನ ಮನೆಯ ಮುಂದಿನ ಚಾವಡಿಯಲ್ಲೇ ಇತ್ತು. ಗಿರಾಕಿ ಒಬ್ಬರೂ ಇರಲಿಲ್ಲ. ಒಂದು ಅರ್ಧ ಮಾಡಿದ ಗೇಟು ಗೋಡೆಗೆ ಒರಗಿತ್ತು.

"ಬಾ ಉಜ್ಜಪ್ಪಣ್ಣ. ಮನೆ ಜಡ್ತಿ ಮಾಡಾಕೆ ಬಂದೆಯೇನು? ಮಾಡು. ಆ ಟ್ರಂಕಿನಾಗ ನೋಡು, ಅಟ್ಟದ ಮೇಲೆ ನೋಡು."

"ಹಂಗಲ್ಲ ಕಲೀಮ..."

ಒಳಗಿನಿಂದ ಕಲೀಮನ ಹೆಂಡತಿ ಶಹಜಹಾನ್ ಬೇಗಂ ಚಹಾ ತಂದಳು. ಲೋಟ ಇಟ್ಟ ಸದ್ದೇ ಅವಳ ಸಿಟ್ಟು ಹೇಳಿತು. "ಕುಡೀರಿ ಅಣ್ಣಾ. ಲೋಟ ಮಾತ್ರ ಎಣಿಸ್ಕೊಂಡು ಒಳಗ ಒಯ್ತೀನಿ. ಕಳ್ಳರ ಮನೆ ನೋಡ್ರಿ, ನಮ್ಮ ಲೋಟ ನಾವೇ ಕದ್ದುಬಿಟ್ರೆ ಕಷ್ಟ."

ಉಜ್ಜಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಗ್ರಹಣದ ಸಂಜೆ ಅವನ ಮನೆಗೆ ಹೋಗಿದ್ದೆಯಾ?"

"ಹೋಗಿದ್ದೆ."

ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಮುಂದಿನ ಪ್ರಶ್ನೆ ಏನು ಕೇಳುವುದು? ಉಜ್ಜಪ್ಪ ತಡವರಿಸಿದ. "ಯಾ... ಯಾಕೆ?"

"ಮಸೀದೀಲಿ ಗ್ರಹಣದ ನಮಾಜ್ ಇತ್ತು. ಹೋಗೋ ದಾರೀಲಿ ಗ್ರೀಸ್ ಡಬ್ಬಿ ಅವನ ಶೆಡ್ಡಿನಾಗ ಇಟ್ಟು ಹೋಗಾಣ ಅಂತ. ಮರುದಿನ ಸರಳು ಹಾಕೋದಿತ್ತಲ್ಲ? ತಡ ಆಗಿತ್ತು, ಇಟ್ಟೆ, ಓಡಿದೆ."

"ಸರಳು ಅಲ್ಲೇ ಇತ್ತಾ?"

"ಅದೇ ನನಗೂ ತಿಳೀತಿಲ್ಲ. ಇರಲಿಲ್ಲ ಅಣ್ಣಾ. ಎರಡೂ ಇರಲಿಲ್ಲ. ಹುಚ್ರಾಯನೇ ಒಳಗ ಇಟ್ಟಾನು ಅಂದ್ಕೊಂಡೆ. ಮರುದಿನ ಹೋದ್ರೆ ಎರಡೂ ಗೋಡೆಗೆ ಒರಗಿದ್ವು, ಆ ಕಡೆ ಒಂದು, ಈ ಕಡೆ ಒಂದು. ಮರೆತುಬಿಟ್ಟೆ."

"ಇದನ್ನ ಅವನಿಗೆ ಹೇಳಿದೆಯಾ?"

"ಹೇಳಾಕೆ ಬಿಟ್ಟನೇನು? ನಿನ್ನೆ ಕಾರು ನೋಡಿದ ಕೂಡ್ಲೇ ಹೇಳ್ದೆ, ಎಡ-ಬಲ ಬದಲಾಗೈತೇನೋ ನೋಡು ಅಂತ. ವರ್ಷಗಟ್ಲೆ ಒಂದೇ ಕಡೆ ತಿರುಚ್ಕೊಂಡು ಹದಕ್ಕೆ ಬಂದ ಉಕ್ಕು ಅದು. ಇನ್ನೊಂದು ಕಡೆ ಹಾಕಿದ್ರೆ ಉಲ್ಟಾ ತಿರುಚ್ಬೇಕು, ಆಗ ಸೋತುಬಿಡ್ತದೆ. ‘ನನಗೇ ಕಲಿಸ್ತೀಯಾ?’ ಅಂದ. ಮುಂದಿನ ಮಾತು ಚಹಾದಂಗಡೀಲಿ ಕೇಳ್ದೆ."

"ಶೆಡ್ಡಿನಲ್ಲಿ ಇನ್ನೇನಾದ್ರೂ ಕಂಡಿತಾ? ಕೇಳಿಸಿತಾ?"

"ಮನೆ ಒಳಗಿಂದ ಠಣ್ ಅಂತ ಒಂದು ಸದ್ದು ಬಂತು. ದೊಡ್ಡ ಗಂಟೆ ಬಿದ್ದಂಗೆ. ನಿಮ್ಮವರದು ಪೂಜೆ ಇರಬೇಕು ಅಂದ್ಕೊಂಡೆ."

ಉಜ್ಜಪ್ಪ ಎದ್ದ. ಕಲೀಂ ಹಿಂದಿನಿಂದ ಹೇಳಿದ: "ಅಣ್ಣಾ, ಅವನು ಸ್ಟೇಷನ್ನಿಗೆ ಹೋಗ್ಲಿ ಬಿಡ್ಲಿ. ಈ ಊರಾಗ ನಾನು ಇನ್ನು ಯಾರ ಮನೆ ಬಾಗಿಲಿಗೆ ಚಿಲಕ ಹಚ್ಚಾಕ್ ಹೋಗ್ಲಿ? ಅದನ್ನ ಹೇಳು ನನಗ."

ಉಜ್ಜಪ್ಪ ಆನವಟ್ಟಿಯ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಗೊಂದಲ. ಕಲೀಂ ಕದ್ದಿದ್ದರೆ, ‘ಸರಳು ಇರಲಿಲ್ಲ’ ಎಂದು ತಾನೇ ಏಕೆ ಹೇಳುತ್ತಾನೆ? ಕದ್ದಿಲ್ಲವಾದರೆ ಸರಳು ಎಲ್ಲಿಗೆ ಹೋಗಿದ್ದವು? ಹೋದವು ಹೇಗೆ ಬಂದವು? ಕದ್ದ ಮಾಲು ತಾನಾಗಿ ಮನೆಗೆ ನಡೆದು ಬರುತ್ತದೆಯೇ? ಉಮೇರನ ಕಾರಿನಲ್ಲಿ ಆ ಸರಳುಗಳು ಸಿಕ್ಕರೆ ಎಲ್ಲ ಮುಗಿಯುತ್ತದೆ. ಸಿಗದಿರಲಿ ದೇವರೇ, ಎಂದುಕೊಂಡ. ಪತ್ತೆ ಮಾಡುವವನು ಹಾಗೆ ಬೇಡಿಕೊಳ್ಳಬಹುದೇ ಎಂದೂ ಅನುಮಾನವಾಯಿತು.

ಉಮೇರ್ ಆನವಟ್ಟಿಯ ಬಸ್ ನಿಲ್ದಾಣದ ಬಳಿಯೇ ಸಿಕ್ಕಿದ. ವಿಷಯ ಕೇಳಿ ಬಿದ್ದು ಬಿದ್ದು ನಕ್ಕ.

"ಬಗ್ಗಿ ನೋಡಿ ಚಾಚಾ. ಚೆನ್ನಾಗಿ ಬಗ್ಗಿ. ಸರಳು ಎಲ್ಲಿದೆ ತೋರಿಸಿ."

ಉಜ್ಜಪ್ಪ ನೆಲಕ್ಕೆ ಮೊಣಕಾಲೂರಿ ನೋಡಿದ. ಗಾಲಿಯ ಹಿಂದೆ ದಪ್ಪನೆಯ ಸುರುಳಿ ಸ್ಪ್ರಿಂಗು. ಹೊಸ ಬಣ್ಣ ಹೊಳೆಯುತ್ತಿತ್ತು.

"ಇದು ಪದ್ಮಿನಿ. ಅಂಬಾಸಿಡರ್ ಅಲ್ಲ. ಇದಕ್ಕೆ ಸರಳೇ ಬರಲ್ಲ. ಸ್ಪ್ರಿಂಗು ಬದಲಾಯಿಸಿದೆ, ಅದಕ್ಕೇ ಎದ್ದು ನಿಂತಿದೆ. ಜೀವನವಿಡೀ ರಸ್ತೆ ಮೇಲೇ ಕಳೆದಿರಿ, ಪದ್ಮಿನಿ ಯಾವುದು ಅಂಬಾಸಿಡರ್ ಯಾವುದು ಗೊತ್ತಾಗಲಿಲ್ವಾ?"

"ನಾನು ಬಸ್ಸಿನೊಳಗೆ ಇರ್ತಿದ್ದೆ ಮಾರಾಯ," ಎಂದ ಉಜ್ಜಪ್ಪ, ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ. ಮುಖ ಸಪ್ಪಗಿತ್ತು, ಮನಸ್ಸು ಹಗುರವಾಗಿತ್ತು. ಆದರೆ ಆ ಹಗುರವೂ ಶಿರಾಳಕೊಪ್ಪದವರೆಗೆ ಬಾಳಲಿಲ್ಲ. ಕಲೀಂ ಅಲ್ಲ ಅಂದರೆ ಸಾಲದಲ್ಲ. ಯಾರು ಎಂದು ಹೇಳಬೇಕಲ್ಲ?

ಹುಚ್ಚರಾಯಪ್ಪನ ಮನೆ ಜಗಲಿಯಲ್ಲಿ ಕೂತಾಗ ಸಂಜೆಯಾಗಿತ್ತು. ಶೇಷಮ್ಮ ಚಹಾ ಕೊಟ್ಟಳು. ಯಾಕೋ ಅವಳು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ. ಸೊಸೆ ಮಮತಾ ಬಾಗಿಲ ಸಂದಿನಲ್ಲಿ ಒಮ್ಮೆ ಕಾಣಿಸಿ ಮರೆಯಾದಳು.

"ಏನಾತು?" ಎಂದ ಹುಚ್ಚರಾಯಪ್ಪ.

"ಉಮೇರನ ಕಾರಿಗೆ ಸರಳೇ ಇಲ್ಲ."

"ಹಂಗಾದ್ರೆ ಗುಜರಿಗೆ ಮಾರ್ಯಾನೆ ಕಲೀಮ. ಸಾಕು ಬಿಡು. ನಿನ್ನ ಕೈಲಿ ಆಗಲಿಲ್ಲ. ಬೆಳಿಗ್ಗೆ ನಾನು ಹೋಗಾವನೇ."

ಉಜ್ಜಪ್ಪ ತಲೆ ತಗ್ಗಿಸಿದ. ಹೌದು, ಆಗಲಿಲ್ಲ. ಶೇಷಮ್ಮ ಹಿತ್ತಾಳೆಯ ಹರಿವಾಣದಲ್ಲಿ ಎಲೆ-ಅಡಿಕೆ ತಂದು ಮುಂದಿಟ್ಟಳು. ಅವನು ಮೇಲಿನ ಎಲೆ ತೆಗೆದ. ಇನ್ನೊಂದು ಎಲೆ ತೆಗೆದ. ಕೈ ಅಲ್ಲೇ ನಿಂತಿತು.

ಹರಿವಾಣದ ನಡುವೆ ಒಂದು ದುಂಡನೆಯ ಗುರುತು. ಹುಣಸೆಹಣ್ಣು ಹಚ್ಚಿ ಎಷ್ಟೋ ಸಲ ಉಜ್ಜಿದ ಹಾಗಿತ್ತು, ಆದರೂ ಹೋಗಿರಲಿಲ್ಲ. ಬಳೆಯಷ್ಟು ದೊಡ್ಡದಲ್ಲ, ಉಂಗುರದಷ್ಟು ಚಿಕ್ಕದಲ್ಲ. ಸುತ್ತಲೂ ಸಣ್ಣ ಸಣ್ಣ ಹಲ್ಲು.

ಹಲ್ಲು?

ಅವನು ಎಲೆ ಕೈಯಲ್ಲೇ ಹಿಡಿದು ಎದ್ದ. ಶೆಡ್ಡಿಗೆ ಹೋದ. ತುಕ್ಕಿದ್ದ ಸರಳಿನ ತುದಿ ಮುಟ್ಟಿ ನೋಡಿದ. ಮೂಲೆಯಲ್ಲಿದ್ದ ಸೀಳಿದ ಒನಕೆ ನೋಡಿದ. ತಿರುಗಿ ಬಂದ.

"ಶೇಷಮ್ಮಾ," ಎಂದ ಮೆಲ್ಲಗೆ, "ಈ ಮನೇಲಿ ಇನ್ನೊಂದು ಒನಕೆ ಇದೆಯಾ?"

ಶೇಷಮ್ಮನ ಮುಖ ಬಿಳುಚಿತು. "ಉಜ್ಜಪ್ಪಣ್ಣ, ಒಂಚೂರು ಒಳಗ ಬರ್ರೀ," ಎಂದಳು.

ಅಡುಗೆಮನೆಯಲ್ಲಿ ಅವಳು ಹೇಳಿದ್ದು ಪಿಸುಮಾತಿನಲ್ಲಿ. ಕೇಳಿ ಮುಗಿಸಿದ ಉಜ್ಜಪ್ಪನಿಗೆ ಮೊದಲಿಗಿಂತ ಹೆಚ್ಚು ಕಷ್ಟವಾಯಿತು. ಅವಳು ಕೈ ಮುಗಿದಿದ್ದಳು: "ಅವರಿಗೆ ಹೇಳಬ್ಯಾಡ್ರಿ. ಇನ್ನೂ ಮೂರು ತಿಂಗಳು ತುಂಬಿಲ್ಲ. ಹೋದ ವರ್ಷ ಹಿಂಗೇ ಎಲ್ಲರಿಗೂ ಹೇಳಿ, ಆಮ್ಯಾಲೆ..." ಮಾತು ಅಲ್ಲಿಗೇ ನಿಂತಿತ್ತು.

"ಕಲೀಮನ ಹೆಸರು ಹೋಗ್ತದಲ್ಲ ತಂಗಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಜ್ಜಪ್ಪ ಕಲೀಮನಿಗೆ ಫೋನು ಮಾಡಿ ಕರೆಸಿದ. ಕಲೀಂ ಬಂದ, ಗೇಟಿನ ಹೊರಗೇ ನಿಂತ. ಹಿಂದೆ ಶಹಜಹಾನ್ ಬೇಗಂ.

"ಒಳಗ ಬಾ," ಎಂದ ಉಜ್ಜಪ್ಪ.

"ಈ ಗೇಟು ನಾನೇ ಮಾಡಿದ್ದು. ಇದರ ಸಂದಿಯಿಂದ ಎಲ್ಲಾ ಕೇಳಿಸ್ತದೆ. ಹೇಳು."

ಹುಚ್ಚರಾಯಪ್ಪ, ಆಗಷ್ಟೇ ಅಂಗಡಿಯಿಂದ ಬಂದ ಸುರೇಶ, ಬಾಗಿಲಲ್ಲಿ ಶೇಷಮ್ಮ. ಉಜ್ಜಪ್ಪ ಕಾರಿನ ಬಾನೆಟ್ಟಿನ ಮೇಲೆ ಹರಿವಾಣವಿಟ್ಟ.

"ನಾನು ಹೇಳೋದು ತಪ್ಪಿದ್ರೆ ತಿದ್ದಿ. ಹುಚ್ಚರಾಯ, ಈ ಸರಳು ಗುಜರೀದು ಅಂದೆ. ಗುಜರೀದಾದ್ರೆ ಮೈಯೆಲ್ಲಾ ತುಕ್ಕಿರಬೇಕು. ಇದಕ್ಕೆ ಒಂದೇ ತುದಿಗೆ, ಒಂದು ಬೆರಳು ಅಗಲ, ಗೆರೆ ಎಳೆದ ಹಾಗೆ. ಅಂದ್ರೆ?"

"ಅಂದ್ರೆ?"

"ಈ ತುದಿ ನೀರಲ್ಲಿ ನಿಂತಿತ್ತು. ಬೆರಳು ಆಳದ ನೀರಲ್ಲಿ, ನೆಟ್ಟಗೆ. ಮಲಗಿದ್ರೆ ಗೆರೆ ಉದ್ದಕ್ಕೆ ಬರ್ತಿತ್ತು."

"ಸರಳನ್ನ ನೀರಾಗ ಯಾರು ನಿಲ್ಲಿಸ್ತಾರೆ?"

"ತಡಿ ಮಾರಾಯ. ಕಲೀಮ ಗ್ರಹಣದ ಹೊತ್ತಲ್ಲಿ ಬಂದಾಗ ಎರಡೂ ಸರಳು ಇಲ್ಲಿ ಇರಲಿಲ್ಲ. ಒಳಗಿಂದ ಠಣ್ ಅಂತ ಸದ್ದು ಕೇಳಿದ. ಪೂಜೆ ಗಂಟೆ ಅಂದ್ಕೊಂಡ. ಪಾಪ, ಅವನಿಗೆ ಗೊತ್ತಿಲ್ಲ. ಗ್ರಹಣದ ಹೊತ್ತಲ್ಲಿ ನಮ್ಮವರ ಮನೇಲಿ ದೇವರ ಕೋಣೆ ಬಾಗಿಲೇ ತೆಗೆಯಲ್ಲ, ಗಂಟೆ ಎಲ್ಲಿಂದ? ಅದು ಗಂಟೆಯಲ್ಲ. ಉಕ್ಕು ಹಿತ್ತಾಳೆ ಮೇಲೆ ಬಿದ್ದ ಸದ್ದು."

ಅವನು ತುಕ್ಕಿದ್ದ ಸರಳನ್ನೆತ್ತಿ ಹರಿವಾಣದ ಮೇಲೆ ನಿಲ್ಲಿಸಿದ. ಹಲ್ಲಿಗೆ ಹಲ್ಲು ಕೂತಿತು. ದುಂಡನೆಯ ಗುರುತು ಸರಳಿನ ಅಡಿ ಮಾಯವಾಯಿತು.

ಹುಚ್ಚರಾಯಪ್ಪ ಹತ್ತಿರ ಬಂದು ಬಗ್ಗಿ ನೋಡಿದ.

"ಗ್ರಹಣ ಹಿಡಿದಾಗ ಹರಿವಾಣದಲ್ಲಿ ನೀರು ಹಾಕಿ ಒನಕೆ ನಿಲ್ಲಿಸೋದು ನಮ್ಮ ಕಡೆ ಮನೆಮನೇಲಿ ಇದೆ. ಒನಕೆ ನಿಂತಿರೋವರೆಗೆ ಗ್ರಹಣ ಇದೆ, ಬಿದ್ರೆ ಬಿಟ್ಟಿತು ಅಂತ. ಆದರೆ ಈ ಮನೇಲಿ ಒನಕೆ ಎಲ್ಲಿತ್ತು? ನೀನೇ ಪಿನ್ನು ಬಡಿದು ಸೀಳಿದ್ದೆ. ಆ ಸಂಜೆ ಒನಕೆ ಹುಡುಕಿ ಶೆಡ್ಡಿಗೆ ಬಂದವರಿಗೆ ಸೀಳಿದ ಒನಕೆ ಕಂಡಿತು. ಪಕ್ಕದಲ್ಲಿ ಅಷ್ಟೇ ಉದ್ದದ, ತುದಿ ದಪ್ಪಗಿರೋ ಸರಳು ಕಂಡಿತು. ಒಂದನ್ನ ನಿಲ್ಲಿಸಿದ್ರು, ಬಿತ್ತು. ಇನ್ನೊಂದು ನಿಂತಿತು. ಆಮೇಲೆ ಎರಡನ್ನೂ ಒರೆಸಿ ವಾಪಸ್ ಇಟ್ಟರು, ಗೋಡೆಗೆ ಒಂದೊಂದು. ಯಾವುದು ಯಾವ ಗೋಡೆಗೆ ಅನ್ನೋದು ಅವರಿಗೇನು ಗೊತ್ತು? ನೀನು ಗೋಡೆ ನಂಬಿ ಹಾಕಿದೆ. ಕದ್ದಿಲ್ಲ ಹುಚ್ಚರಾಯ. ಅದಲುಬದಲು. ಮೊದಲ ದಿನವೇ ಕಲೀಮ ಹೇಳಿದ್ದು ಅದನ್ನೇ."

"ಯಾರು?" ಹುಚ್ಚರಾಯಪ್ಪನ ಧ್ವನಿ ಒಡೆದಿತ್ತು. "ಯಾರು ಒಯ್ದಿದ್ದು?"

ಉಜ್ಜಪ್ಪ ಶೇಷಮ್ಮನ ಕಡೆ ನೋಡಿದ. ಗೇಟಿನಾಚೆ ಕಲೀಮನ ಕಡೆ ನೋಡಿದ. ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯ ಮಾಡಲೇಬೇಕಿತ್ತು.

"ಒಯ್ದವರು ಶೇಷಮ್ಮ," ಎಂದ.

ಹುಚ್ಚರಾಯಪ್ಪ ಗಹಗಹಿಸಿ ನಗತೊಡಗಿದ. "ನಾನು ಶಾಲೆ ಬಯಲಾಗ ಊರಿಗೆಲ್ಲ ವಿಜ್ಞಾನ ಹೇಳ್ತಿದ್ದೆ, ನೀನು ಮನ್ಯಾಗ ನನ್ನ ಕಾರಿನ ಸರಳಿಗೆ..."

"ಅತ್ತೆ ಅಲ್ಲ ಮಾವ. ನಾನು." ಮಮತಾ ಬಾಗಿಲಿಗೆ ಬಂದಿದ್ದಳು. ಒಂದು ಕೈ ಚೌಕಟ್ಟಿನ ಮೇಲಿತ್ತು. ಇನ್ನೊಂದು ಕೈ, ತನಗೇ ಅರಿವಿಲ್ಲದೆ, ಹೊಟ್ಟೆಯ ಮೇಲೆ.

"ಸುಮ್ನಿರು, ಅವಳಲ್ಲ, ನಾನೇ!" ಎಂದಳು ಶೇಷಮ್ಮ.

ಹುಚ್ಚರಾಯಪ್ಪನ ನಗು ಅರ್ಧಕ್ಕೇ ನಿಂತಿತು. ಸೊಸೆಯ ಕೈ ನೋಡಿದ. ಹೆಂಡತಿಯ ಮುಖ ನೋಡಿದ. ಮಗ ನೆಲ ನೋಡುತ್ತಿದ್ದ. ಗ್ರಹಣ ಬಸುರಿಗೆ ತಾಗದಿರಲೆಂದು ನಡೆದ ಕೆಲಸ ಇದು. ಹೋದ ವರ್ಷ ಶಿಕಾರಿಪುರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಂದದ್ದು ಹುಚ್ಚರಾಯಪ್ಪನಿಗೂ ನೆನಪಿತ್ತು. ಅವನು ಹರಿವಾಣದ ಮೇಲಿನ ಸರಳನ್ನು ಮೆಲ್ಲಗೆ ಎತ್ತಿ ಗೋಡೆಗೆ ಒರಗಿಸಿದ.

"ಒಂದು ಮಾತು ಹೇಳಿದ್ರೆ ನಾನೇ ಹೊಸಾ ಒನಕೆ ತರ್ತಿದ್ದೆ," ಎಂದ.

"ತರ್ತಿರಲಿಲ್ಲ. ನಗ್ತಿದ್ರಿ," ಎಂದಳು ಶೇಷಮ್ಮ.

ಅವನು ಗೇಟಿನ ಚಿಲಕ ತೆಗೆದ. "ಒಳಗ ಬಾರೋ ಕಲೀಮ."

ಕಲೀಂ ಅಲುಗಲಿಲ್ಲ. "ನನ್ನ ಹೆಸರು ಎಲ್ಲಿ ಹೇಳಿದ್ದೆ?"

"...ಚಹಾದಂಗಡೀಲಿ."

"ಅಲ್ಲೇ ಹೋಗಿ ಹೇಳು. ನೀನು ಹೇಳಿ ಬಾ, ನಾನು ಬರ್ತೀನಿ."

"ಗಟ್ಟಿಯಾಗಿ ಹೇಳ್ರಿ," ಎಂದಳು ಶಹಜಹಾನ್ ಬೇಗಂ. "ಮೊದಲು ಹೇಳಿದಷ್ಟೇ ಗಟ್ಟಿಯಾಗಿ."

ಹುಚ್ಚರಾಯಪ್ಪ ಚಪ್ಪಲಿ ಮೆಟ್ಟಿ ಹೊರಟ. ಉಜ್ಜಪ್ಪ ಜೊತೆಗೆ ಹೋದ. ಅಂಗಡಿಯಲ್ಲಿ ನಿನ್ನೆಯ ಮುಖಗಳೇ ಇದ್ದವು. ಹುಚ್ಚರಾಯಪ್ಪ ಬೆಂಚಿನ ಮೇಲೆ ಕೂರದೆ ನಿಂತೇ ಹೇಳಿದ: "ಕಲೀಮನ ಮೇಲೆ ಹೇಳಿದ ಮಾತು ಸುಳ್ಳು. ಕಳ್ಳತನ ಆಗೇ ಇಲ್ಲ. ತಪ್ಪು ನನ್ನ ಮನೇದು, ಅದಕ್ಕಿಂತ ಹೆಚ್ಚು ನನ್ನ ಬಾಯಿದು." ಯಾರೋ "ಮನೇಲಿ ಏನಾತು?" ಎಂದು ಕೇಳಿದರು. "ಅದು ಮನೆ ವಿಷಯ," ಎಂದು ತಿರುಗಿದ.

ಮರುದಿನ ಕಲೀಂ ತಾನೇ ಬಂದು ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೂರಿಸಿದ. ಸ್ವಲ್ಪ ಹೊತ್ತು ಕಾರಿನ ಕಡೆಗೇ ನೋಡಿ, "ಒಂದು ರಾತ್ರಿ ಉಲ್ಟಾ ತಿರುಚಿದ್ದು, ಪೂರ್ತಿ ಸೋತಿಲ್ಲ. ತಡ್ಕೊಂತಾವೆ," ಎಂದ. ಸರಳಿನ ಮಾತೋ, ಇನ್ನಾವುದರದೋ, ಉಜ್ಜಪ್ಪ ಕೇಳಲು ಹೋಗಲಿಲ್ಲ. ಜಾಕು ಇಳಿಸಿದಾಗ ಅಂಬಾಸಿಡರ್ ಒಮ್ಮೆ ತೂಗಿ, ಮೂತಿ ಎತ್ತಿ ನಿಂತಿತು. ಎರಡೂ ಮನೆಯವರು ಅದರಲ್ಲಿ ಉಡುತಡಿಯವರೆಗೆ ಹೋಗಿ ಬಂದರು. ಮಮತಾ ಮಾತ್ರ ಹೋಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ಇಷ್ಟು ನನಗೆ ಗೊತ್ತು. ಗೊತ್ತಿಲ್ಲದ್ದನ್ನೂ ಹೇಳಿಬಿಡುತ್ತೇನೆ. ಆ ಸಂಜೆ ಸರಳುಗಳನ್ನು ವಾಪಸ್ ತಂದು ತಪ್ಪು ಗೋಡೆಗೆ ಒರಗಿಸಿದವರು ಅತ್ತೆಯೋ, ಸೊಸೆಯೋ? ಉಜ್ಜಪ್ಪ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ. ಇಬ್ಬರೂ ‘ನಾನೇ’ ಎಂದರು. ಅವಳು ಅಷ್ಟು ಭಾರ ಎತ್ತಲು ನಾನು ಬಿಡುತ್ತೇನೆಯೇ ಎಂದಳು ಶೇಷಮ್ಮ. ಅತ್ತೆಗೆ ಸೊಂಟ ನೋವು, ಅವರೆಲ್ಲಿ ಎತ್ತುತ್ತಾರೆ ಎಂದಳು ಮಮತಾ. ಅದು ಯಾರೆಂದು ಉಜ್ಜಪ್ಪನಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.